ಬಲಗಡೆಯ ಹಕ್ಕಿ

ದಿಂಬಿನ ಕವರಿನ ಮೇಲೆ ಗುಲಾಬಿ ಕಚ್ಚಿಕೊಂಡು ಕುಳಿತ ಹಕ್ಕಿಯನ್ನು ನೋಡಿ ನನಗೆ ನಿಜಕ್ಕೂ ವಾಕರಿಕೆ ಬಂತು.

“ಚೆನ್ನಾಗಿಲ್ವಾ?” ಎಂದ ಬಟ್ಟೆಗೆ ಒತ್ತುವ ಮರದ ಅಚ್ಚು ಕೆತ್ತುವವನು. ಅವನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು.

“ಥೂ! ಹುಳ ಎಲ್ಲಿ?”

“ಮ್ಯೂಸಿಯಂ ಅಂಗಡಿ ಮೇಡಂ ಬೇಡ ಅಂದ್ರು. ಹಾಸಿಗೆ ಮೇಲೆ ಹುಳ ಯಾರು ಹಾಕ್ಕೊಳ್ತಾರೆ, ಲವ್ ಬರ್ಡ್ಸ್ ಅಂದ್ಮೇಲೆ ರೋಸ್ ಇರ್ಲಿ ಅಂದ್ರು.”

“ಅವರು ಅಂದ್ರು, ನೀನು ಕೋಲೆಬಸವನ ಹಾಗೆ ತಲೆ ಆಡಿಸ್ದೆ.”

ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ಕೆಡದಂತೆ ಉಳಿಸುವುದು ನನ್ನ ಕೆಲಸ. ದಿಂಬಿನ ಹಕ್ಕಿಯ ಮೂಲ ಇದ್ದದ್ದು ಅಲ್ಲಿನ ಇನ್ನೂರು ವರ್ಷ ಹಳೆಯ ಮದುವೆ ಮಂಚದ ಪರದೆಯ ಮೇಲೆ. ಎರಡು ಪರದೆ, ಒಂದೊಂದರಲ್ಲಿ ಒಂದು ಹಕ್ಕಿ. ಎಳೆದು ಮುಚ್ಚಿದರೆ ಎದುರುಬದುರು. ಎಡ ಪರದೆಯ ಜಿಡ್ಡು, ಅಂಟು, ಇಲಿಹಿಕ್ಕೆ ತೆಗೆಯುತ್ತ ತಿಂಗಳುಗಟ್ಟಲೆ ಮೂಗು ಮುಚ್ಚಿಕೊಂಡಿದ್ದೆ. ಹಕ್ಕಿಯ ಕೊಕ್ಕಿನಲ್ಲಿ ಎಲ್ಲರೂ ಹೂವಿನ ಎಸಳು ಎಂದುಕೊಂಡಿದ್ದು ಭೂತಗನ್ನಡಿಯ ಕೆಳಗೆ ಕಂಬಳಿಹುಳುವಾಗಿತ್ತು. ಹೊಸ ಜೋಡಿಯ ಮಂಚಕ್ಕೆ ಹುಳು! ಅಂದಿನವರಿಗೆ ಪ್ರೀತಿಯೆಂದರೆ ಅಲಂಕಾರವಲ್ಲ, ಹುಡುಕಿ ತಂದ ತುತ್ತು. ‘ಒಬ್ಬರಿಗೊಬ್ಬರು ತುತ್ತು ಕೊಡುವ ಜೋಡಿ’ ಎಂದು ಫಲಕವನ್ನೂ ಬರೆದುಬಿಟ್ಟೆ.

ಬಲ ಪರದೆಯ ನಕಲನ್ನು ಅವನೇ ಸ್ಟೋರ್ ರೂಮಿನಲ್ಲಿ ಕುಳಿತು ತೆಗೆದುಕೊಂಡಿದ್ದ. ಸುತ್ತಿಟ್ಟ ಆ ಪರದೆಯ ಸುರುಳಿಯನ್ನು ನಾನು ಬಿಚ್ಚಿರಲೇ ಇಲ್ಲ.

ಅವನು ನನ್ನನ್ನು ಮದುವೆಯಾಗು ಎಂದು ಕೇಳಿ ಬಹಳ ಕಾಲವಾಗಿತ್ತು. ಅವನ ಅಮ್ಮನೂ ಉತ್ತರಕ್ಕೆ ಕಾಯುತ್ತಿದ್ದರು, ನಾನು ‘ನೋಡೋಣ’ ಎನ್ನುತ್ತಲೇ ಇದ್ದೆ.

“ನಿಮ್ಮಮ್ಮಂಗೆ ಹೇಳು, ಆಗಲ್ಲ ಅಂದ್ಳು ಅಂತ. ಈ ಗುಲಾಬಿ ಕೆತ್ತೋನ ಜೊತೆ ನಾನು ಒಂದು ಲೋಟ ನೀರೂ ಕುಡಿಯಲ್ಲ.”

ಅವನು ನಗಲಿಲ್ಲ. “ಬಾ ಇಲ್ಲಿ” ಎಂದು ಸ್ಟೋರ್ ರೂಮಿಗೆ ನಡೆದ. ಸುರುಳಿ ಬಿಚ್ಚಿದ. ನುಸಿಗುಳಿಗೆಯ ಜೊತೆ ಇಲಿಯುಚ್ಚೆಯ ನಾತ. ಬಲಗಡೆಯ ಹಕ್ಕಿಯ ಕೊಕ್ಕು ಬಿಗಿಯಾಗಿ ಮುಚ್ಚಿತ್ತು.

“ಒಂದೇ ಅಚ್ಚು ಒತ್ತಿದ್ರೆ ಹಕ್ಕಿ ಎರಡೂ ಕಡೆ ಮುಖ ಮಾಡಲ್ಲ ಅಂತ ನಿಂಗೆ ಗೊತ್ತಿಲ್ವಾ? ಇದಕ್ಕೆ ಬೇರೆ ಅಚ್ಚು ಕೆತ್ತಿದ್ದಾರೆ. ಹುಳ ಇಲ್ಲ. ಬಾಯೂ ತೆಗ್ದಿಲ್ಲ.”

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎಡದ ಹಕ್ಕಿಯನ್ನೇ ಮನಸ್ಸಿನಲ್ಲಿ ತಿರುಗಿಸಿ ಬಲಕ್ಕೆ ಕೂರಿಸಿದ್ದೆ.

“ಆ ಎಡಗಡೆ ಬಡಪಾಯಿ ಇನ್ನೂರು ವರ್ಷದಿಂದ ತುತ್ತು ಹಿಡ್ಕೊಂಡು ನಿಂತಿದೆ. ಈ ಮಹಾರಾಣಿ ಬಾಯಿ ಬಿಡಲ್ಲ. ನಂಗೆ ಹುಳ ಕೆತ್ತೋಕೆ ಮನಸ್ಸು ಬರ್ಲಿಲ್ಲ ಕಣೆ. ದಿನಾ ಅನುಭವಿಸೋದು ಸಾಲ್ದು ಅಂತ ದಿಂಬಿನ ಮೇಲೂ ನನ್ನನ್ನೇ ನೋಡ್ಬೇಕಾ? ರೋಸ್ ಅಂದ್ರು, ಸರಿ ಅಂದೆ.”

“ಹುಳಕ್ಕೆ ಯಾರಾದ್ರೂ ಬಾಯಿ ಬಿಡ್ತಾರಾ?” ಎಂದೆ.

“ಅಸಹ್ಯ ಆಗಿದ್ರೆ ಮುಖ ತಿರುಗಿಸ್ತಿತ್ತು. ತಿರುಗಿಸಿಲ್ಲ ನೋಡು.”

ನೋಡಿದೆ. ಸಾಸಿವೆಯಷ್ಟು ಕಣ್ಣು. ಅದು ಹುಳುವನ್ನಲ್ಲ, ತಂದವನನ್ನು ನೋಡುತ್ತಿತ್ತು.

“ಆ ಗುಲಾಬಿ ಅಚ್ಚನ್ನ ಒಲೆಗೆ ಹಾಕು,” ಎಂದೆ.

“ಆಮೇಲೆ?”

“ಇನ್ನೊಂದು ಕೆತ್ತು. ಬಲಗಡೆಯದು. ಬಾಯಿ ತೆಗೆದಿರ್ಬೇಕು.”

ಅವನು ಹುಬ್ಬು ಗಂಟಿಕ್ಕಿದ. “ಹಳೇ ಪರದೆಯಲ್ಲಿ ಹಾಗಿಲ್ಲ. ಮ್ಯೂಸಿಯಂಗೆ ಸುಳ್ಳು ಕೊಟ್ಟ ಹಾಗಾಗಲ್ವಾ?”

“ಮ್ಯೂಸಿಯಂಗಲ್ಲ ಕಣೋ ದಡ್ಡ,” ಎಂದೆ. “ನಮ್ಮ ಮಂಚಕ್ಕೆ.”