ಎಲ್ಲಾ ಮನೆಯಲ್ಲೂ ಅವನೇ

"ಅವರು ಬರೋ ಹೊತ್ತಾಯ್ತು," ಎಂದರು ಮಹಡಿಯಮ್ಮ.

ಅವಳು ಆಗಷ್ಟೇ ಆ ಮುದುಕಿಯ ಕಿವಿಯಿಂದ ಹಳೆಯ ಯಂತ್ರ ತೆಗೆದು, ಹೊಸದನ್ನು ಹತ್ತಿಯಿಂದ ಒರೆಸುತ್ತಿದ್ದಳು. ಕಿವಿ ಮಂದವಾದವರ ಮನೆಗೆ ಹೋಗಿ ಯಂತ್ರ ಕೂರಿಸಿ, ಸ್ವರ ಹೊಂದಿಸಿ ಕೊಡುವುದು ಅವಳ ಕೆಲಸ. ಮುದುಕಿಯರೆಲ್ಲ ಅವಳನ್ನು ಕಿವಿ ಡಾಕ್ಟ್ರಮ್ಮ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು. ಹೇಗೂ ಅವರಿಗೆ ಕೇಳಿಸುತ್ತಿರಲಿಲ್ಲವಲ್ಲ!

ಯಾರು ಬರುತ್ತಾರೆ ಎಂದು ಕೈಸನ್ನೆಯಲ್ಲೇ ಕೇಳಿದಳು.

"ಇನ್ಯಾರು? ನಮ್ಮ ಯಜಮಾನ್ರು!"

ಅವಳ ಕೈ ಅಲ್ಲೇ ನಿಂತಿತು. ಮೆಟ್ಟಿಲು ಹತ್ತುವಾಗ ಕೆಳಮನೆಯಾಕೆ ಪಿಸುಗುಟ್ಟಿದ್ದು ನೆನಪಾಯಿತು. 'ಗಂಡ ಹೋಗಿ ಎಷ್ಟೋ ವರ್ಷ ಆಯ್ತು, ಪಾಪ. ನೆನಪೂ ಸರಿಯಿಲ್ಲ. ಏನಾದ್ರೂ ಅಂದ್ರೆ ಹೂಂ ಅಂದ್ಬಿಡಿ.'

ಗೋಡೆಯ ಮೇಲೆ ಆ ಗಂಡನ ಫೋಟೋ ಇತ್ತು. ತೆಳ್ಳನೆ ಮನುಷ್ಯ. ಬೂದು ಕೋಟು. ಮೊಣಕೈಯ ಹತ್ತಿರ ಕಂದು ಬಟ್ಟೆಯ ತೇಪೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲ ಬಳಿ ಬಂದು ನಿಂತಿತು. ಒಂದು ಒಣ ಕೆಮ್ಮು...

ಕಿವಿಯಲ್ಲಿ ಯಂತ್ರವೇ ಇಲ್ಲದ ಮಹಡಿಯಮ್ಮನ ಮುಖ ಅರಳಿತು!

ಬಾಗಿಲು ತೆರೆಯಿತು. ಅದೇ ಬೂದು ಕೋಟು. ಅದೇ ಕಂದು ತೇಪೆ.

"ಬಂದೆ ಕಣೇ," ಎಂದಿತು ಕೋಟು.

ಅವಳು ಫೋಟೋ ನೋಡಿದಳು, ಬಾಗಿಲು ನೋಡಿದಳು. ಕೋಟಿನೊಳಗೆ ಇದ್ದವನು ಮುದುಕನಲ್ಲ, ಮೂವತ್ತರ ಆಸುಪಾಸಿನವನು. ಅವಳನ್ನು ಕಂಡು ಬೆಚ್ಚಿ, ತುಟಿಯ ಮೇಲೆ ಬೆರಳಿಟ್ಟ. ದಯವಿಟ್ಟು ಏನೂ ಹೇಳಬೇಡಿ ಎನ್ನುತ್ತಿದ್ದವು ಆ ಕಣ್ಣುಗಳು.

ಕುರ್ಚಿ ಕಿರ್ರ್ ಎಂದಿತು. ಅವನು ಕೂತ. ಅವಳು ಮುದುಕಿಯ ಕಿವಿಗೆ ಹೊಸ ಯಂತ್ರ ಸಿಕ್ಕಿಸಿದಳು. ಅವನು ಮಹಡಿಯಮ್ಮ ಕೊಟ್ಟ ಟೀ ಕುಡಿದ. ಅವರ ಮಂಡಿನೋವು ಕೇಳಿದ, ಮಾತ್ರೆ ನುಂಗಿಸಿದ, ಕಾಲಿಗೆ ಎಣ್ಣೆ ತಿಕ್ಕಿದ. ಮುದುಕಿ ಅವನ ತಲೆ ಸವರುತ್ತಾ, "ಇವತ್ತಾದ್ರೂ ಬೇಗ ಬಂದ್ರಲ್ಲ," ಎಂದರು.

ಅವನು ಹೊರಟಾಗ ಅವಳೂ ಬ್ಯಾಗು ಎತ್ತಿಕೊಂಡು ಮೆಟ್ಟಿಲಲ್ಲಿ ಅಡ್ಡ ನಿಂತಳು.

"ಯಾರ್ರೀ ನೀವು?"

"ನಾ... ನಾನು... ಆ... ಆರೈ..."

ಒಳಗೆ ಅಷ್ಟು ಸರಾಗವಾಗಿ ಹರಿದ ಮಾತು ಇಲ್ಲಿ ಗಂಟಲಲ್ಲೇ ಸಿಕ್ಕಿಕೊಂಡಿತು. ಮುಖ ಕೆಂಪಾಯಿತು. ತಲೆತಗ್ಗಿಸಿ ಇಳಿದು ಹೋದ.

'ಕಳ್ಳನ ಮನಸ್ಸು ಹುಳ್ಳುಳ್ಳಗೆ!' ಎಂದುಕೊಂಡಳು. ಆದರೂ ಆ ಕಣ್ಣುಗಳು ಅವಳ ಬೆನ್ನು ಬಿಡಲಿಲ್ಲ.

ಆ ವಾರವೇ ಒಬ್ಬ ನಿವೃತ್ತ ಟೀಚರಮ್ಮನ ಮನೆಗೆ ಹೋಗಬೇಕಾಯಿತು. ಅಡುಗೆಮನೆಯ ಮಸುಕು ಗಾಜಿನ ಬಾಗಿಲ ಹಿಂದೆ ಟೋಪಿ ಹಾಕಿದ ನೆರಳೊಂದು ಕಾಲೆಳೆಯುತ್ತಾ ಸುಳಿಯಿತು.

"ಮೇಡಂ, ನನ್ನ ಕನ್ನಡಕ ಎಲ್ಲಿಟ್ರಿ?" ದಪ್ಪ ದನಿ, ನಗೆ ಬೆರೆತದ್ದು.

"ನೆತ್ತಿ ಮೇಲಿದೆ ನೋಡ್ಕೊಳ್ರೀ!" ಟೀಚರಮ್ಮ ಹುಡುಗಿಯಂತೆ ನಕ್ಕರು.

ಟೀಚರಮ್ಮನ ಗಂಡನೂ ಈಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಡಿಗೆ ಬೇರೆ, ಸ್ವರ ಬೇರೆ. ಆದರೆ ದಿನವಿಡೀ ಸ್ವರಗಳ ಜೊತೆ ಹೆಣಗುವವಳು ಅವಳು. ಸ್ವರ ಬದಲಿಸಬಹುದು, ಮಾತಿಗೆ ಮುಂಚೆ ಎಳೆದುಕೊಳ್ಳುವ ಉಸಿರು ಬದಲಿಸಲಾಗದು. ಬಾಗಿಲು ಸರಿಯಿತು... ಅವನೇ!

ಮತ್ತೊಂದು ದಿನ, ಬೇಕರಿಯ ಮೇಲಿನ ಮನೆ. ಹಾಸಿಗೆ ಹಿಡಿದ ಮುದುಕಿಯ ಪಕ್ಕದಲ್ಲಿ ಯಾರದೋ ಹಳೆಯ ನೀಲಿ ಸ್ವೆಟರ್ ತೊಟ್ಟು ಪತ್ರಿಕೆ ಓದಿ ಹೇಳುತ್ತಿದ್ದಾನೆ. ಅಲ್ಲೂ ಅವನೇ! ಅವಳನ್ನು ಕಂಡು ಎದ್ದುನಿಂತ. ಅವಳನ್ನು ಎಲ್ಲೂ ನೋಡೇ ಇಲ್ಲವೆಂಬಂತೆ ಕೇಳಿದ:

"ಯಾವಾಗ ಬಂದ್ರಿ? ಕೂತ್ಕೊಳ್ಳಿ."

ಅವಳು ಬೇಗ ಬೇಗ ಕೆಲಸ ಮುಗಿಸಿ ಹೊರಟಳು.

ಮನೆಗೆ ಬಂದು ಅಜ್ಜಿಯ ಮುಂದೆ ಎಲ್ಲ ಕೂಗಿ ಕೂಗಿ ಹೇಳಿದಳು. ಊರಿನವರ ಕಿವಿಯನ್ನೆಲ್ಲ ಸರಿಮಾಡುವ ಮೊಮ್ಮಗಳಿದ್ದರೂ ಅಜ್ಜಿ ಯಂತ್ರ ಮುಟ್ಟುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ!

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. "ನಾರದನ ಪಾಡಾಯ್ತು ನಿಂದು. ಕೃಷ್ಣಂಗೆ ಹದಿನಾರು ಸಾವಿರ ಹೆಂಡ್ತೀರು. ಒಬ್ಬ ಹೇಗೆ ಸಂಭಾಳಿಸ್ತಾನೆ ನೋಡೇಬಿಡೋಣ ಅಂತ ನಾರದ ಮನೆಮನೆಗೆ ಹೋದ. ಒಂದು ಮನೇಲಿ ಪಗಡೆ ಆಡ್ತಿದ್ದಾನೆ. ಪಕ್ಕದ ಮನೇಲಿ ಮಗು ಎತ್ಕೊಂಡಿದ್ದಾನೆ. ಇನ್ನೊಂದು ಮನೇಲಿ ಎದ್ದು ಬಂದು, 'ಯಾವಾಗ ಬಂದ್ರಿ ನಾರದ್ರೇ?' ಅಂತ ಹೊಸದಾಗಿ ಕೇಳ್ತಾನೆ!"

ಅದೇ ಮಾತನ್ನು ಅವನೂ ಕೇಳಿದ್ದ!

"ದೇವರು ಮಾಡಿದ್ರೆ ಲೀಲೆ, ಗಂಡಸರು ಮಾಡಿದ್ರೆ ಮೋಸ ಅಜ್ಜಿ! ನಿನ್ನ ಮಗ ಮಾಡಿದ್ದೂ ಅದೇ ತಾನೆ?"

ಅವಳ ಅಪ್ಪ ಎರಡು ದೋಣಿಯಲ್ಲಿ ಕಾಲಿಟ್ಟವನು. ಇನ್ನೊಂದು ಬೀದಿಯಲ್ಲಿ ಅವನಿಗೆ ಇನ್ನೊಂದು ಸಂಸಾರವಿತ್ತು. ಚಿಕ್ಕಂದಿನಲ್ಲಿ ಅವಳು ಕಿವಿಗೊಟ್ಟು ಕಾದದ್ದೆಲ್ಲ ಆ ಹೆಜ್ಜೆ ಸದ್ದಿಗೆ. ಬಂದರೂ ಅವನ ಕಣ್ಣು ಗಡಿಯಾರದ ಮೇಲೆಯೇ!

ಆದರೆ ಮನಸ್ಸು ಹೇಳಿದ ಮಾತು ಕೇಳುತ್ತದೆಯೇ? ಈ ಮನೆಗಳಲ್ಲಿ ಅವನನ್ನು ಮತ್ತೆ ಮತ್ತೆ ನೋಡಿದಳು. ಅವನು ಎಂದೂ ಗಡಿಯಾರ ನೋಡುತ್ತಿರಲಿಲ್ಲ. ಟೀಚರಮ್ಮ ಒಂದೇ ಕತೆಯನ್ನು ಹತ್ತನೇ ಸಲ ಹೇಳಿದರೂ ಮೊದಲ ಸಲದಂತೆ ಕೇಳುತ್ತಿದ್ದ. ಒಂದು ಸಂಜೆ ಅವಳ ಭಾರದ ಬ್ಯಾಗನ್ನು ಏನೂ ಹೇಳದೆ ಬಸ್ ನಿಲ್ದಾಣದವರೆಗೆ ಹೊತ್ತು ತಂದ. ಆ ಮೌನ ಅವಳಿಗೆ ಇಷ್ಟವಾಯಿತು. ಅದೇ ಅವಳನ್ನು ಹೆದರಿಸಿತು.

ಬಸ್ಸು ಬರುವ ಮುನ್ನ ಕೇಳಿಯೇಬಿಟ್ಟಳು. "ನಿಮ್ಮ ಸ್ವಂತ ಮನೆ ಯಾವುದು? ಅಲ್ಲಿ ಯಾರಿದ್ದಾರೆ?"

"ಅ... ಅಲ್ಲಿ... ಯಾ..."

ಮುಂದೆ ಬರಲಿಲ್ಲ. ಇದೇ ಪ್ರಶ್ನೆಗೆ ಅಮ್ಮನ ಮುಂದೆ ಅಪ್ಪನೂ ಹೀಗೆಯೇ ತಡವರಿಸಿದ್ದ! ಅವಳು ಬ್ಯಾಗು ಕಸಿದುಕೊಂಡು ಬಸ್ಸು ಹತ್ತಿದಳು.

'ಇವನ ಬಣ್ಣ ನಾನೇ ಬಯಲು ಮಾಡ್ತೀನಿ...'

ಮರುದಿನ ಮಹಡಿಯಮ್ಮನ ಯಂತ್ರಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಕೂತಳು. ಸ್ವರ ಇನ್ನೂ ಪೂರ್ತಿ ಹೊಂದಿಸಿರದ ಆ ಹೊಸ ಯಂತ್ರದಲ್ಲೂ ಹಳೆಯದರಂತೆಯೇ ಎಲ್ಲರ ದನಿಯೂ ನೀರಿನೊಳಗಿಂದ ಬಂದಂತೆ ಮಸುಕಾಗಿ ಕೇಳಿಸುತ್ತಿತ್ತು. ಆ ಮಸುಕಿನಲ್ಲೇ ತಾನೆ ಅವನ ಆಟ? ಒಂದೊಂದೇ ಸ್ವರವನ್ನು ಏರಿಸಿ, ಗೊರಗೊರ ಸದ್ದು ತೆಗೆದು, ಕನ್ನಡಿಯಷ್ಟು ಸ್ಪಷ್ಟ ಮಾಡಿದಳು. ತನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಅವಳು ಎಂದೂ ಕೆಲಸ ಮಾಡಿರಲಿಲ್ಲ.

ಮೆಟ್ಟಿಲು. ಕೆಮ್ಮು. ಬಾಗಿಲು.

"ಬಂದೆ ಕಣೇ."

ಮಹಡಿಯಮ್ಮನ ನಗು ಮುಖದ ಮೇಲೆಯೇ ಒಣಗಿತು.

"ಯಾರಪ್ಪ ನೀನು?"

ಅವನು ಕಂಬದಂತೆ ನಿಂತ.

"ಅವರ ಕೋಟು ನಿನ್ಗೆ ಹೇಗೆ ಸಿಕ್ತು? ಅವರೆಲ್ಲಿ?" ಮುದುಕಿ ಫೋಟೋ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹೋದ್ರಾ? ಅವರು ಹೋಗ್ಬಿಟ್ರಾ?" ಎಂದರು.

ಗಂಡ ಈ ಕ್ಷಣದಲ್ಲೇ ತೀರಿಕೊಂಡಂತೆ ಆ ಮುದುಕಿ ಅಳತೊಡಗಿದರು.

"ಕ್ಷ... ಕ್ಷ..." ಎಂದ ಅವನು. ಕ್ಷಮಿಸಿ ಎನ್ನಲೂ ಆಗದೆ ಹೊರಟುಹೋದ.

ಅಂದಿನಿಂದ ಮಹಡಿಯಮ್ಮ ಯಂತ್ರ ತೆಗೆಯಲೂ ಇಲ್ಲ, ಸರಿಯಾಗಿ ಊಟ ಮಾಡಲೂ ಇಲ್ಲ. ಬಾಗಿಲ ಕಡೆ ಕಿವಿಯಿಟ್ಟು ಕೂತೇ ಇದ್ದರು. 'ಅಯ್ಯೋ, ನಾನೇನು ಮಾಡಿಬಿಟ್ಟೆ...' ಎಂದು ಅವಳು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು.

ಅಜ್ಜಿ ಬೆನ್ನು ಸವರಿದರು. "ಆ ಹದಿನಾರು ಸಾವಿರ ಹೆಂಗಸ್ರು ಯಾರು ಗೊತ್ತೇನೇ? ನರಕಾಸುರನ ಸೆರೇಲಿದ್ದೋರು. ಬಿಡುಗಡೆ ಆದ್ಮೇಲೆ ಅವರನ್ನ ಯಾವ ಮನೆಯೋರೂ ಸೇರಿಸ್ಕೊಳ್ತಿರ್ಲಿಲ್ಲ. ಯಾರಿಗೂ ಬೇಡವಾದೋರಿಗೆ ಕೃಷ್ಣ 'ನೀನು ನನ್ನೋಳು' ಅಂದ. ಅಷ್ಟೇ ಅಲ್ಲ, ಅಂದಮೇಲೆ ಪ್ರತಿ ಮನೇಲೂ ಪೂರ್ತಿ ಇದ್ದ."

ಅಜ್ಜಿ ಕಣ್ಣೊರೆಸಿಕೊಂಡರು.

"ನನ್ನ ಮಗನಿಗಿದ್ದದ್ದು ಎರಡೇ ಮನೆ. ಎರಡರಲ್ಲೂ ಅವನಿರ್ಲಿಲ್ಲ."

ಅವಳು ಎದ್ದು ಕೂತಳು. ಗಡಿಯಾರ ನೋಡದ ಆ ಕಣ್ಣುಗಳು ನೆನಪಾದವು.

ಕೆಳಮನೆಯಾಕೆ ಹೇಳಿದ ಗುರುತು ಹಿಡಿದು ಅವನ ಕಚೇರಿ ಹುಡುಕಿಕೊಂಡು ಹೋದಳು. ಒಂಟಿ ಮುದುಕರ ಮನೆಗಳಿಗೆ ಆರೈಕೆಯವರನ್ನು ಕಳಿಸುವ ಜಾಗ ಅದು. ಮೇಜಿನ ಹಿಂದಿದ್ದ ಹೆಂಗಸು ನಕ್ಕಳು. "ಅವನಾ? ಮಾತು ತಡವರಿಸುತ್ತೆ ಅಂತ ಯಾವ ಮನೆಯೋರಿಗೂ ಬೇಡವಾಗಿದ್ದ. ಈ ಮುದುಕೀರು ಮಾತ್ರ ಅವನನ್ನ ಬಿಡಲ್ಲ. ಹಿತ್ತಲ ಬೆಂಚಲ್ಲಿ ಕೂತಿದ್ದಾನೆ, ನೋಡಿ."

ಅವನ ಮಡಿಲಲ್ಲಿ ಬೂದು ಕೋಟು ಮಡಿಸಿಟ್ಟಿತ್ತು.

"ನಂದು ತಪ್ಪಾಯ್ತು," ಎಂದು ಅವಳು ಪಕ್ಕದಲ್ಲಿ ಕೂತಳು. "ನೀವ್ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇ... ಹೇಳೋಕೆ ಬರಬೇಕಲ್ಲ!" ಅವನು ನೋವಿನಲ್ಲೂ ನಕ್ಕ. ತಡೆತಡೆದು, ನಿಂತು ನಿಂತು, ಎಲ್ಲ ಹೇಳಿದ. ಮೊದಲ ದಿನ ಔಷಧಿ ಕೊಡಲು ಹೋದಾಗ ಮಹಡಿಯಮ್ಮ 'ಬಂದ್ರಾ?' ಎಂದಿದ್ದರು. ನಾನು ಅವರಲ್ಲ ಎನ್ನಲು ಬಾಯಿ ತೆರೆದ. 'ಅ... ಅ...' ಎನ್ನುವಷ್ಟರಲ್ಲಿ ಅವರು ಕೋಟು ತೊಡಿಸಿ, ಟೀ ಕೊಟ್ಟು, ತಲೆ ಸವರಿಯಾಗಿತ್ತು. ಆಗ ಬಾಯಿಂದ 'ಬಂದೆ ಕಣೇ' ಎಂಬುದು ಮಾತ್ರ ಒಂದಿಷ್ಟೂ ತಡೆಯಿಲ್ಲದೆ ಬಂದಿತ್ತು.

"ಆ... ಆ ಮುದುಕೀರ ಗಂಡಂದಿರಾದಾಗ ನನ್ಗೆ ತೊದಲು ಬರಲ್ಲ. ನಡಿಗೆ, ಮಾತು, ಎಲ್ಲಾ ಅವರೇ ಹೇಳ್ಕೊಟ್ಟಿದ್ದು. ಆ ಕೆ... ಕೆಮ್ಮು ಮಾತ್ರ ಯಾರೂ ಕಲಿಸಿಲ್ಲ. ಆ ಬಾಗಿಲ ಹತ್ರ ಹೋದ್ರೆ ತಾನಾಗೇ ಬರುತ್ತೆ."

ಅವನು ಕೋಟಿನ ತೇಪೆ ಸವರಿದ.

"ಅವತ್ತು ಕೇಳಿದ್ರಲ್ಲ, ಸ್ವಂತ ಮನೇಲಿ ಯಾ... ಯಾರೂ ಇಲ್ಲ."

ಯಾರೂ ಇಲ್ಲ. ಅಪ್ಪ ಮುಚ್ಚಿಡಲು ತಡವರಿಸಿದ್ದ. ಇವನು ನಿಜ ಹೇಳಲು ತಡವರಿಸಿದ್ದ! ಅವಳಿಗೆ ಅಳು ತಡೆಯಲಾಗಲಿಲ್ಲ.

"ಟೀಚರಮ್ಮನ ಮನೆಗೆ, ಬೇಕರಿ ಮೇಲಿನ ಮನೆಗೆ ಹೋಗೋದು ಬಿಡಬೇಡಿ," ಎಂದಳು. "ಈಗ ಮಹಡಿಯಮ್ಮನ ಹತ್ರ ಬನ್ನಿ. ನಾನು ಮಿಷನ್ನು ಮೊದಲಿನಂಗೇ ಮಾಡ್ಕೊಡ್ತೀನಿ."

ಇಬ್ಬರೂ ಮೆಟ್ಟಿಲು ಹತ್ತಿದರು. ಬೆಳಕು ಕುಂದುತ್ತಿತ್ತು. ಬಡಿಯುವ ಮುಂಚೆಯೇ ಬಾಗಿಲು ತೆರೆಯಿತು. ಮಹಡಿಯಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ನಿಂತಿದ್ದರು.

ಕಿವಿಯಿಂದ ಯಂತ್ರ ತೆಗೆದು ಅವಳ ಅಂಗೈಯಲ್ಲಿಟ್ಟರು. "ಇದು ಬೇಡ ಮಗಳೇ. ಎಲ್ಲಾ ಕೇಳಿಸುತ್ತೆ, ಅವರೊಬ್ಬರದು ಬಿಟ್ಟು."

ಆಮೇಲೆ ಅವನ ಕೆನ್ನೆ ತಟ್ಟಿದರು. "ನೀನು ಒಳ್ಳೆ ಹುಡುಗ ಕಣಪ್ಪಾ. ಬಿಡುವಾದಾಗ ಬಂದು ಹೋಗ್ತಿರು. ಆ ಕೋಟು ಕೊಡು, ಅವರಿಗೆ ಬೇಕು."

ಕೋಟು ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಅವಳು ಮುಷ್ಟಿ ಬಿಗಿದಿದ್ದಳು. ಯಂತ್ರ ಅದರೊಳಗಿನಿಂದ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅದನ್ನು ಆರಿಸಿದಳು.

ಒಳಗೆ ಕುರ್ಚಿ ಕಿರ್ರ್ ಎಂದಿತು.

ಒಂದು ಒಣ ಕೆಮ್ಮು...

"ತಡ ಮಾಡಿದ್ರಲ್ಲಾ ರೀ ಇವತ್ತು!" ಮಹಡಿಯಮ್ಮನ ನಗು.

ಅವಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕೋಟಿಲ್ಲದ ತೆಳು ಅಂಗಿಯಲ್ಲಿ ಅವನು ನಡುಗುತ್ತಿದ್ದ. ಕೈ ಮಾತ್ರ ಬೆಚ್ಚಗಿತ್ತು.

"ಕೆಮ್ಮಿದ್ದು ನೀವಾ?"

ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಒಳಗೆ ಯಾರು?"

"ಗೊ... ಗೊತ್ತಿಲ್ಲ."

"ಇಲ್ಲಿ ನನ್ನ ಕೈ ಹಿಡ್ಕೊಂಡಿರೋದು?"

ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳು ಅದನ್ನು ಪೂರ್ತಿ ಮಾಡಿಕೊಡಲಿಲ್ಲ. ಎಷ್ಟು ಹೊತ್ತಾದರೂ ಸರಿ ಎಂದು ಕಾದಳು.

"ನಾ... ನಾ... ನಾನು."

"ಪೂರ್ತಿನಾ?"

"ಪೂ... ಪೂರ್ತಿ."