ನೆಲಕ್ಕಿಟ್ಟ ಅನ್ನ

ಹಡಗು ಹತ್ತುವ ದಿನ ಅವನು ಹೆಂಡತಿಗೆ ಮಾತು ಕೊಟ್ಟಿದ್ದ: "ತಿರುಗಿ ಬಂದಾಗ ನನ್ನ ಕೈಯಾರೆ ನಿನಗೆ ಅನ್ನ ಹಾಕುತ್ತೇನೆ. ಆಮೇಲೆ ಈ ಹೊಸ್ತಿಲು ದಾಟುವುದಿಲ್ಲ." ಅವನು ಬರಲಿಲ್ಲ. ಅವಳು ಊಟ ಬಿಟ್ಟಳು. ಸಾಯುವ ಮುಂಚೆ ಮಾಂತ್ರಿಕನನ್ನು ಕರೆಸಿ, ತನ್ನ ಕೂದಲು ಸುತ್ತಿದ ಕಬ್ಬಿಣದ ಮೊಳೆಯನ್ನು ಅಡುಗೆಮನೆಯ ನೆಲಕ್ಕೆ ಹೊಡೆಸಿದಳು. ಇನ್ನು ಆ ನೆಲಕ್ಕೆ ಯಾರು ಅನ್ನವಿಟ್ಟರೂ ಗಂಡ ಕೊಟ್ಟ ಮಾತು ನಡೆಸುವ ಹೊಣೆ ಅವರ ತಲೆಗೆ.

ದಿಯುವಿನ ಕೋಟೆಗೋಡೆಯೊಳಗಿನ ಆ ಬಾಡಿಗೆ ಮನೆಯನ್ನು ನೋಡಿಕೊಳ್ಳುವ ಮುದುಕಿ ಜೀವಿಬೆನ್ ಇದನ್ನೆಲ್ಲ ಗುಜರಾತಿಯಲ್ಲಿ ಹೇಳಿದಳು. ಸೂರತ್‌ನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುವ ಕಿಶೋರ್ ಕನ್ನಡದಲ್ಲಿ ತಿಳಿಸಿದ. ಕ್ರಿಸ್‌ಮಸ್ ರಜೆಗೆಂದು ಸೂರತ್‌ನಿಂದ ಮೆಟಡೋರ್ ಮಾಡಿಕೊಂಡು ಬಂದಿದ್ದ ಎರಡು ಸಂಸಾರಗಳಲ್ಲಿ ನಕ್ಕವನು ಮಾಧವನೊಬ್ಬನೇ. ಬ್ಯಾಂಕಿನ ವರ್ಗದ ಮೇಲೆ ಸೂರತ್‌ಗೆ ಬಂದು ಅವನಿಗಿನ್ನೂ ಆರು ತಿಂಗಳು.

"ಒಂದಗುಳಿಗೆ ಇನ್ನೊಬ್ಬ ಹೆಂಡತಿ! ಕಮ್ಮಿಗೇ ಸಿಕ್ತು ಕಣಯ್ಯಾ."

"ಇರೋಳಿಗೆ ಒಂದು ದಿನ ಬಡಿಸಿದ್ದುಂಟಾ?" ಎಂದಳು ಹೆಂಡತಿ ಜಯಂತಿ.

"ನಗ್ಬೇಡಿ ಮಾರಾಯ್ರೇ," ಎಂದ ಕಿಶೋರ್. "ನಾವು ಜಗಲಿಯಲ್ಲೇ ತಟ್ಟೆಯಲ್ಲಿ ಉಣ್ತೇವೆ."

"ಹೊರಗೆ ಬಿಸಿಲು. ನಾವು ಎಲೆ ಮೇಲೆ ಉಂಡ್ರೆ ನೆಲಕ್ಕೇನಯ್ಯಾ?"

ಅಡುಗೆಮನೆಯೊಳಗೆ ಮಟಮಟ ಮಧ್ಯಾಹ್ನವೂ ಕತ್ತಲೆ. ಇದ್ದದ್ದು ಅಂಗೈಯಗಲದ ಕಿಂಡಿ, ಅದರಾಚೆ ಕೋಟೆಗೋಡೆ. ಹಳೇ ಸುಣ್ಣ, ತುಕ್ಕು, ಕೊಳೆತ ಪಾಚಿಯ ವಾಸನೆ. ಗೋಡೆಯಾಚೆಯ ಸಮುದ್ರ ನೆಲದಡಿಯಲ್ಲಿ ಗುಡುಗುತ್ತಿತ್ತು. ಮಾಧವ ಮೊಳೆಯ ಕರಿ ತಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಅದರ ಮಗ್ಗುಲಲ್ಲೇ ಎಲೆ ಹಾಸಿ ಕುಳಿತ. ಪಕ್ಕದಲ್ಲಿ ಐದು ವರ್ಷದ ಮಗಳು ಮೇದಿನಿ. ಜಯಂತಿ ಬಿಸಿ ಅನ್ನ ಬಡಿಸಿದಳು.

ಅವನು ಸಂಧ್ಯಾವಂದನೆ ಬಿಟ್ಟು ಹದಿನೈದು ವರ್ಷವಾಗಿತ್ತು. ಆದರೆ ಉಪನಯನವಾದಾಗಿನಿಂದ ಅಪ್ಪನ ಪಕ್ಕ ಕೂತು ಉಂಡ ಕೈ ಅದು. ಎಲೆಯ ಸುತ್ತ ನೀರು ತಿರುಗಿಸಿತು. ಚಿತ್ರಾಹುತಿಯೆಂದು ಎಲೆಯ ಬಲಕ್ಕೆ, ಬರೀ ನೆಲಕ್ಕೆ, ಚಿಟಿಕೆ ಚಿಟಿಕೆ ಅನ್ನ ಇಟ್ಟಿತು. ಐದು ಸಲ.

"ರೀ!" ಜಯಂತಿಯ ಕೈಯಿಂದ ಸೌಟು ಬಿತ್ತು. "ಏನು ಮಾಡಿದ್ರಿ?"

ಮಾಧವ ತನ್ನ ಕೈಯನ್ನೇ ನೋಡಿದ. ನಗು ಬಂತು. ಅರ್ಧದಲ್ಲೇ ನಿಂತಿತು. ಮೊದಲ ಚಿಟಿಕೆ ಇರಲಿಲ್ಲ. ಎರಡನೆಯದೂ. ಒಂದು ಇರುವೆಯೂ ಕಾಣಲಿಲ್ಲ. ಒದ್ದೆ ಕೂದಲಿನ ವಾಸನೆ. ಯಾರೋ ನೆಲ ನೆಕ್ಕುವ ಸದ್ದು. ಮೂರು. ನಾಲ್ಕು. ಮಣಿಕಟ್ಟಿನ ಮೇಲೆ ತಣ್ಣನೆಯ ಉಸಿರು.

"ಅಪ್ಪಾ, ನಾನೂ ಇಡ್ತೀನಿ."

ಮೇದಿನಿಯ ಪುಟ್ಟ ಬೆರಳುಗಳಲ್ಲಿ ಅನ್ನ. ನೆಲಕ್ಕೆ ಇನ್ನೊಂದೇ ಗೇಣು.

ಮಾಧವ ಹಾರಿದ. ಮಗಳ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿದ. ಒಂದಗುಳೂ ಬೀಳಬಾರದು. ಎತ್ತಿಕೊಂಡ. ಓಡಿದ. ಬಾಗಿಲು ನಾಲ್ಕು ಹೆಜ್ಜೆ. ಹಿಂದೆ ಬಳೆ ಸದ್ದು. ಎರಡು ಹೆಜ್ಜೆ. ಮುಂದೆ ಓಡಿದ ಜಯಂತಿ ಹೊಸ್ತಿಲಾಚೆಯಿಂದ ತೋಳು ಚಾಚಿದಳು. ಮಗು ದಾಟಿತು. ಅವನ ಕಾಲು ಏಳಲಿಲ್ಲ.

"ಬನ್ನಿ! ಬನ್ನೀಂದ್ರೆ!"

ಜಯಂತಿ ಅವನ ಎಡಗೈ ಹಿಡಿದು ಜಗ್ಗಿದಳು. ಜಗಲಿಯಿಂದ ಓಡಿಬಂದ ಕಿಶೋರನೂ ಜಗ್ಗಿದ. ಒಳಗೆ ಅವನ ಬಲಗೈಯನ್ನು, ಅನ್ನ ಮೆತ್ತಿದ್ದ ಕೈಯನ್ನು, ಒಂದು ನಾಲಿಗೆ ಬೆರಳು ಬೆರಳಾಗಿ ನೆಕ್ಕುತ್ತಿತ್ತು.

ಮೇದಿನಿ ಅಳುತ್ತ ಅಪ್ಪನ ಕಡೆಗೆ, ಹೊಸ್ತಿಲೊಳಗೆ, ಒಂದು ಕಾಲಿಟ್ಟಳು.

ಮಾಧವ ಹೆಂಡತಿಯ ಕೈ ಕೊಡವಿಕೊಂಡ. ಮಗಳನ್ನು ಹೊರಕ್ಕೆ ತಳ್ಳಿದ. ಒಳಗಿನಿಂದ ಅಗುಳಿ ಹಾಕಿಕೊಂಡ.

ಸಂಜೆ ಬಾಗಿಲು ಒಡೆದಾಗ ಒಳಗೆ ಯಾರೂ ಇರಲಿಲ್ಲ. ಎಲೆ ತೊಳೆದಷ್ಟು ಚೊಕ್ಕಟವಾಗಿತ್ತು. ನೆಲದಲ್ಲಿ ಎರಡು ಮೊಳೆಗಳಿದ್ದವು.

ಅನ್ನ ಹಾಕಿದವನು ಹೊಸ್ತಿಲು ದಾಟಲಿಲ್ಲ. ಕೊಟ್ಟ ಮಾತು ನಡೆಯಿತು.