ಸಿಡಿಲಿಗೆ ಸಣ್ಣ ಉರಿ

ಸರೋವರದಾಚೆ ಮೋಡ ಗುಡುಗಿದ ಕೂಡಲೇ ಗೋಪುರದ ತುದಿಯಿಂದ ಹಸಿರು ಕಿರಣವೊಂದು ಮೇಲಕ್ಕೆ ಹಾಯಿತು. ಕಾಡಿನ ಮೇಲೆ ಬೀಳಬೇಕಿದ್ದ ಸಿಡಿಲು ಆ ಕಿರಣವನ್ನೇ ಹಿಡಿದು ಇಳಿದು, ತಾಮ್ರದ ತಂತಿಯ ಮೂಲಕ ನೆಲದಡಿಯ ವಿದ್ಯುತ್‌ಕೋಶಗಳನ್ನು ಸೇರಿತು. ಇದೇ ಸಿಡಿಲುಗಾಳ. ಲೇಸರ್‌ನಿಂದ ಕಾದ ಗಾಳಿ ಸಿಡಿಲಿಗೆ ಸುಲಭದ ದಾರಿಯಾಗುತ್ತದೆ ಎಂಬ ತತ್ವದ ಮೇಲೆ ಡಾ. ಕುಮುದಾ ಇದನ್ನು ಕಟ್ಟಿದ್ದಳು. ಉತ್ತರ ಕೆನಡಾದ ಈ ಪೈನ್ ಕಾಡಿನಲ್ಲಿ ಹದಿನೈದು ಬೇಸಿಗೆಗಳಿಂದ ಕಾಳ್ಗಿಚ್ಚು ಹೊತ್ತಿರಲಿಲ್ಲ.

ಒಂದು ಸಸಿಯೂ ಹುಟ್ಟಿರಲಿಲ್ಲ.

ಇಲ್ಲಿನ ಪೈನ್ ಕಾಯಿಗೆ ಅಂಟಿನ ಬೀಗ. ಕಾಡು ಉರಿದಾಗ ಅಂಟು ಕರಗಿ ಬೀಜ ಉದುರುತ್ತದೆ. ಸಸ್ಯವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದಾಗ ಕುಮುದಾ, "ಮರ ನಿಮ್ಮ ವಿಭಾಗ, ಸಿಡಿಲು ನನ್ನದು" ಎಂದು ಠೀವಿಯಿಂದ ನಕ್ಕಿದ್ದಳು. ಈಗ ಅರಣ್ಯ ಮಂಡಳಿ ಕಟ್ಟುನಿಟ್ಟಾಗಿ ಹೇಳಿತ್ತು: ಬೇಸಿಗೆ ಮುಗಿಯುವುದರೊಳಗೆ ಬೀಜ ಬಿಡಿಸುವ ದಾರಿ ತೋರಿಸಬೇಕು, ಇಲ್ಲವೇ ಗಾಳ ಬಿಚ್ಚಬೇಕು. ಬಿಚ್ಚಿದರೆ ಇಷ್ಟು ವರ್ಷ ಬಿದ್ದ ತರಗೆಲೆಯೆಲ್ಲ ಒಂದೇ ಸಿಡಿಲಿಗೆ ಹೊತ್ತಿ, ದಡದ ಪುಟ್ಟ ಊರನ್ನೂ ನುಂಗುತ್ತಿತ್ತು.

ಕುಮುದಾ ಕಾಯಿಗಳನ್ನು ಕುಲುಮೆಗೆ ಹಾಕಿದಳು. ಇದ್ದಿಲು ಸಿಕ್ಕಿತು. ಕೋಶದಲ್ಲಿದ್ದ ಸಿಡಿಲನ್ನೇ ಹಾಯಿಸಿದಳು. ಇದ್ದಿಲೂ ಸಿಗಲಿಲ್ಲ.

ಗದಗಿನಿಂದ ಬಂದಿದ್ದ ಅತ್ತೆ ನೀಲಗಂಗವ್ವ ನೋಡುತ್ತಲೇ ಇದ್ದಳು. "ನಿನ್ನ ಮಗಳು ಸಂಪದಾಗೂ ಬೆಂಕಿ ಮುಟ್ಟಗೊಡಲಿಲ್ಲ, ಕಾಡಿಗೂ ಮುಟ್ಟಗೊಡಲಿಲ್ಲ ನೀ. ಆಕಿಗೆ ಚಾ ಕುದಿಸಾಕ ಬರಂಗಿಲ್ಲ, ಇದಕ್ಕ ಮರಿ ಹಾಕಾಕ ಬರಂಗಿಲ್ಲ."

"ವಿಜ್ಞಾನ ಅಂದ್ರ ಅಡಗಿ ಅಲ್ರಿ, ಅತ್ತಿ."

"ಅದು ನಿನ್ನ ಅಡಗಿ ಉಂಡಾಗನ ಗೊತ್ತಾತು ಬಿಡವಾ."

ಒಂದು ಮಧ್ಯಾಹ್ನ ಕುಮುದಾ ಗೋಪುರದಿಂದ ಇಳಿದು ಬಂದಾಗ ಅಡುಗೆಮನೆಯಲ್ಲಿ ಚಟಚಟ ಸದ್ದು. ಒಲೆಯ ಮೇಲೆ ಬಾಣಲಿ, ಬಾಣಲಿ ತುಂಬ ಬಿಸಿ ಉಸುಕು, ಉಸುಕಿನಲ್ಲಿ ಬಾಯಿ ಬಿಟ್ಟ ಪೈನ್ ಕಾಯಿಗಳು. ಪಕ್ಕದಲ್ಲಿ ಬೆಳ್ಳುಳ್ಳಿ, ಖಾರಪುಡಿ. ಅತ್ತೆ ಬೀಜಗಳನ್ನು ಒರಳಿಗೆ ಸುರಿದು ಒನಕೆ ಎತ್ತಿದ್ದಳು.

"ಅತ್ತಿ, ತಡೀರಿ! ಏನ್ ಮಾಡಾಕತ್ತೀರಿ?" ಕುಮುದಾ ಓಡಿ ಬಂದು ಕೈ ಹಿಡಿದಳು.

"ರೊಟ್ಟಿಗೆ ಹಚ್ಚಿಕೊಳ್ಳಾಕ ಹಿಂಡಿ ಕುಟ್ಟಾಕತ್ತೀನಿ. ಈ ದೇಶದ ಶೇಂಗಾ ಅಂತ ಆರಿಸಿಕೊಂಡು ಬಂದು, ಸಣ್ಣ ಉರಿ ಮ್ಯಾಲ ಉಸುಕಿನ್ಯಾಗ ಹುರದೆ. ಎಲ್ಲಾ ಜೊಳ್ಳು ನೋಡವಾ. ಬರೇ ರೆಕ್ಕಿ, ಕಾಳ ಇಲ್ಲ!"

ಒರಳಿನಲ್ಲಿ ರೆಕ್ಕೆ ಇದ್ದ ಬೀಜಗಳು ಎಳ್ಳಿನಷ್ಟು ಸಣ್ಣಗೆ, ಸುಡದೆ ಉಳಿದಿದ್ದವು. ಕುಮುದಾ ಒಂದೊಂದನ್ನೂ ಆರಿಸಿ ಒದ್ದೆ ಮಣ್ಣಿನ ತಟ್ಟೆಗಳಲ್ಲಿ ಬಿತ್ತಿದಳು.

ಮೂರನೇ ವಾರ ತಟ್ಟೆಗಳಲ್ಲಿ ಮೊಳಕೆ ಬಂತು. ಗಾಳ ಉಳಿಯಿತು, ಊರೂ ಉಳಿಯಿತು. ಹಿಡಿದ ಸಿಡಿಲಿನಿಂದಲೇ ಈಗ ದೊಡ್ಡ ಕಡಾಯಿಗಳಲ್ಲಿ ಉಸುಕು ಕಾಯುತ್ತದೆ. ಕುಮುದಾಳ ಜೀವಮಾನದ ಸಂಶೋಧನೆಗೆ ಮಂಡಳಿ ಕೊಟ್ಟ ಹೊಸ ಹೆಸರು 'ಹುರಿಯುವ ಘಟಕ'.

ಮೊದಲ ಕಡಾಯಿಗೆ ಸೌಟು ಹಾಕಿದವಳು ಮಗಳು ಸಂಪದಾ. ಕುಮುದಾ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ದೂರ ನಿಂತಳು. ಅಷ್ಟರಲ್ಲಿ ಸರೋವರದ ಮೇಲೆ ಗುಡುಗಿತು, ಗಾಳ ಮಿಂಚಿತು, ಕಡಾಯಿ ಹೊಗೆಯಾಡಿತು.

"ಕುಮುದಾ!" ಅತ್ತೆ ಕೂಗಿದಳು. "ಉರಿ ಸಣ್ಣ ಮಾಡು ಅಂತ ಹೇಳವಾ ನಿನ್ನ ಸಿಡಿಲಿಗೆ!"